ಹತ್ತಿರ ಹೋಗುವವಳ ಕ್ಯಾಮೆರಾ

"ಗುರುಗಳೇ, ಬಲವಿದ್ದವನ ತಪ್ಪನ್ನು ಎಷ್ಟು ದೂರ ನಿಂತು ಹೇಳಿದರೆ ಕ್ಷೇಮ?"

ಹೀಗೆ ಕೇಳಿದ ಶಿಷ್ಯ ಆಗಷ್ಟೇ ಮಠದ ತಾರಸಿಯ ಮೇಲೆ ಬಟ್ಟೆ ಒಣಹಾಕಿ ಇಳಿದು ಬಂದಿದ್ದ. ಕೆರೆಯ ಕಡೆಯಿಂದ ಲಾರಿಯೊಂದರ ಹಾರ್ನ್ ಬಿಡದೆ ಕೇಳುತ್ತಿತ್ತು. ಗುರುಗಳು ಅವನ ಮುಖವನ್ನೊಮ್ಮೆ ನೋಡಿ, "ಕುಳಿತುಕೋ ಮರಿ. ಕ್ಷೇಮದ ಮಾತು ಆಮೇಲೆ, ಮೊದಲು ಒಂದು ಕತೆ ಕೇಳು" ಎಂದರು.

ಒಂದು ಊರಿನಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳಿದ್ದಳು. ದಿನವೂ ಕೆರೆಯ ಏರಿಯ ಮೇಲೆ ಸೈಕಲ್ ತುಳಿದು ಪೇಟೆಗೆ ಹೋಗಿ ಬರುತ್ತಿದ್ದಳು. ಅವಳ ಬೀದಿಗೆಲ್ಲ ಇದ್ದದ್ದು ಒಂದೇ ಬಾವಿ. ಆ ಬಾವಿಗೆ ನೀರು ಬರುತ್ತಿದ್ದದ್ದು ಕೆರೆಯಿಂದ. ಅದೇ ಊರಿನ ವ್ಯಾಪಾರಿಯೊಬ್ಬ ಕೆಡವಿದ ಮನೆಗಳ ಕಲ್ಲುಮಣ್ಣನ್ನು ಲಾರಿಯಲ್ಲಿ ತಂದು ಕೆರೆಗೆ ಸುರಿಸತೊಡಗಿದ. ಕೆರೆ ಮುಚ್ಚಿ ಸೈಟು ಮಾಡಿ ಮಾರುವುದು ಅವನ ಯೋಚನೆ. ಬಾವಿಯ ತಳ ಕಾಣತೊಡಗಿತು. ಉಳಿದ ನೀರಿಗೂ ಸುಣ್ಣದ ವಾಸನೆ.

ಬೀದಿಯವರು ಸುಮ್ಮನಿದ್ದರು ಎನ್ನಬೇಡ. ಅವರವರ ತಾರಸಿಯ ಮೇಲೆ ನಿಂತು ಫೋನಿನಲ್ಲಿ ಫೋಟೊ ತೆಗೆದರು. ತಾಲ್ಲೂಕು ಕಚೇರಿಗೂ ಕಳುಹಿಸಿದರು. ತೆಗೆದವರು ಯಾರು ಎಂದು ಕಚೇರಿಯವರು ವಿಚಾರಿಸಲು ಬಂದಾಗ ಪ್ರತಿಯೊಬ್ಬರೂ ಪಕ್ಕದ ಮನೆ ತೋರಿಸಿದರು. ವ್ಯಾಪಾರಿಯ ಕೈ ಧಾರಾಳ. ಗುಡಿಗೆ ಎಣ್ಣೆ, ಮಠಕ್ಕೆ ಅಕ್ಕಿ ಅವನ ಮನೆಯದೇ. ಆ ಅಕ್ಕಿ ಉಂಡ ಬಾಯಿಗಳಂತೂ ತೆರೆಯಲೇ ಇಲ್ಲ.

ಆ ಹೆಂಗಸಿಗೆ ರೇಗಿಹೋಯಿತು. ಅವಳ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಕ್ಯಾಮೆರಾ ಕೊಳ್ಳಲು ಹೊರಟಳು. ಸೈಕಲ್ಲನ್ನು ಹೊರಗೆ ನಿಲ್ಲಿಸದೆ ಅಂಗಡಿಯೊಳಕ್ಕೇ ತಳ್ಳಿಕೊಂಡು ಬಂದಳು. ಅಂಗಡಿಯವನು ಕಣ್ಣರಳಿಸಿ ನೋಡಿದ. ಆದರೂ ಕೆರೆಯ ಕತೆಯನ್ನು ಅವಳಿಂದ ಕೇಳಿಕೊಂಡು, ಉದ್ದ ಮೂತಿಯ ದೊಡ್ಡ ಕ್ಯಾಮೆರಾ ಒಂದನ್ನು ತಂದು ಅವಳ ಮುಂದಿಟ್ಟ.

"ಇದನ್ನ ತಗೊಳ್ಳಿ ಅಮ್ಮಾ. ಆಚೆ ದಡದ ಪೊದೆ ಹಿಂದೆ ಕೂತ್ಕೊಂಡೇ ಈಚೆ ದಡದಲ್ಲಿರೋನ ಮೀಸೆ ಎಣಿಸ್ಬಹುದು."

"ಅವನ ಮೀಸೆ ನಂಗೆ ಕಂಡ್ರೆ ಸಾಕಾ? ನನ್ನ ಮುಖ ಅವನಿಗೆ ಕಾಣ್ಬೇಡ್ವಾ? ಹತ್ರ ಹೋಗೋಕೆ ಸೈಕಲ್ ಇದೆ. ಅಂಗೈಯಲ್ಲಿ ಹಿಡಿಯೋ ಅಂಥದ್ದು ಕೊಡಿ."

ಸೈಕಲ್ಲಿನ ಹ್ಯಾಂಡಲ್‌ಗೆ ತಾನೇ ಹೊಲಿದ ಪುಟ್ಟ ಚೀಲವೊಂದನ್ನು ಅವಳು ಕಟ್ಟಿದ್ದಳು. ಸೀಟಿನ ಮೇಲೆ ಕುಳಿತು, ಎಡಗೈಯನ್ನು ಬ್ರೇಕಿನ ಮೇಲೆಯೇ ಇಟ್ಟು, ಸಣ್ಣ ಕ್ಯಾಮೆರಾಗಳನ್ನು ಒಂದೊಂದಾಗಿ ಚೀಲದೊಳಗಿಟ್ಟು ಬಲಗೈಯಿಂದ ಎಳೆದೆಳೆದು ನೋಡಿದಳು. ಒಂದು ಬಟ್ಟೆಗೆ ಸಿಕ್ಕಿಕೊಂಡಿತು. ಒಂದರ ಮುಚ್ಚಳಕ್ಕೆ ಎರಡು ಕೈ ಬೇಕಾಯಿತು. ಸೋಪಿನ ಬಿಲ್ಲೆಯಷ್ಟೇ ಇದ್ದ ಇನ್ನೊಂದು, ಹೆಬ್ಬೆರಳು ಒತ್ತಿದೊಡನೆ ಕಣ್ಣು ಬಿಟ್ಟಿತು. ದೂರದ್ದು ಅದಕ್ಕೆ ಸರಿಯಾಗಿ ಕಾಣುತ್ತಿರಲಿಲ್ಲ. ಅವಳು ಅದನ್ನೇ ಕೊಂಡಳು.

ಮಾರನೆಯ ದಿನ ಲಾರಿ ಸುರಿಯುತ್ತಿದ್ದಾಗ ಸೈಕಲ್ಲನ್ನು ಅದರ ಬುಡಕ್ಕೇ ಒಯ್ದಳು. ವ್ಯಾಪಾರಿಯೂ ಅಲ್ಲಿದ್ದ. ಚೀಲದಿಂದ ಕ್ಯಾಮೆರಾ ಎಳೆದು ಫೋಟೊ ತೆಗೆದಳು. ಅವನು ಹಲ್ಲು ಕಡಿಯುತ್ತಾ ಹತ್ತಿರ ಬಂದ. ಅವಳು ಓಡಲಿಲ್ಲ. ಕ್ಯಾಮೆರಾ ತಿರುಗಿಸಿ ಅವನ ಕಣ್ಣಿಗೇ ಹಿಡಿದಳು.

"ನೋಡ್ಕೊಳ್ಳಿ, ಚೆನ್ನಾಗಿ ಬಂದಿದ್ದೀರಾ. ಸಾಲದು ಅಂದ್ರೆ ನಾಳೇನೂ ಬರ್ತೀನಿ."

ಅವನು ನೋಡಿದ. ಮುಂದೆ ಅವನ ಮುಖ, ಹಿಂದೆ ಅವನ ಲಾರಿ, ಅದರ ಹಿಂದೆ ಅರ್ಧ ಮುಚ್ಚಿದ ಕೆರೆ. ಕ್ಯಾಮೆರಾವನ್ನು ಕಿತ್ತುಕೊಂಡು ಕೆರೆಯ ನಡುವಿಗೆ ಎಸೆದ. "ಈಗ ಅದೇನ್ ತೆಗೀತೀಯೋ ತೆಗಿ" ಎಂದ.

ಆ ಸಂಜೆ ಅವಳು ಬೀದಿಯ ಮನೆಮನೆಗೂ ಹೋಗಿ ನಡೆದದ್ದನ್ನು ಹೇಳಿದಳು. ಮಠದ ಬಾಗಿಲಿಗೂ ಹೋದಳು. ಎಲ್ಲರೂ ಅಯ್ಯೋ, ಕ್ಯಾಮೆರಾ ಹೋಯಿತಲ್ಲ ಎಂದು ಮರುಗಿದರು. ಜೊತೆಗೆ ಬರುತ್ತೇನೆ ಎಂದು ಒಬ್ಬರೂ ಹೇಳಲಿಲ್ಲ.

ಬೆಳಗಾಯಿತು. ಲಾರಿ ಕೆರೆಯ ದಡಕ್ಕೆ ಬೆನ್ನು ಮಾಡಿ ನಿಂತಿತು. ಅವಳು ಬರಿದಾದ ಚೀಲದ ಸೈಕಲ್ ತುಳಿದುಕೊಂಡು ಬಂದಳು. ಕಲ್ಲುಮಣ್ಣು ಎಲ್ಲಿ ಬೀಳಬೇಕೋ ಅಲ್ಲಿಯೇ ಸೈಕಲ್ ನಿಲ್ಲಿಸಿ ಅದರ ಪಕ್ಕದಲ್ಲಿ ನಿಂತಳು. ಅವಳ ಮೇಲೆ ಸುರಿಯಲು ಡ್ರೈವರ್‌ಗೆ ಕೈ ಬರಲಿಲ್ಲ. ಹಾರ್ನ್ ಹೊಡೆದ. ಅವಳು ಕದಲಲಿಲ್ಲ. ಮತ್ತೆ ಹೊಡೆದ.

ಇಷ್ಟು ಹೇಳಿ ಗುರುಗಳು ಎದ್ದು ಮೆಟ್ಟು ಹುಡುಕತೊಡಗಿದರು.

"ಆಮೇಲೆ ಏನಾಯಿತು ಗುರುಗಳೇ? ಲಾರಿ ಹಿಂದಿರುಗಿತೆ?" ಎಂದು ಶಿಷ್ಯ ಕೇಳಿದ.

ಗುರುಗಳು ಮೆಟ್ಟಿಗೆ ಕಾಲು ತೂರಿಸುತ್ತಾ ಹೇಳಿದರು: "ಹಾರ್ನ್ ಇನ್ನೂ ನಿಂತಿಲ್ಲವಲ್ಲ ಮರಿ, ಲಾರಿಯ ಹಿಂದೆ ನಿಂತವಳನ್ನು ನೀನು ತಾರಸಿಯಿಂದ ನೋಡಿ ಬಂದೆಯಲ್ಲ, ಅವಳೇ ಇವಳು."