ಸದ್ದಿಲ್ಲದ ಕಾರು

"ಬುದ್ಧಿ, ಶಾಂತಿ ಸಿಕ್ಕಿತೆಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಮರುಳಯ್ಯ ಗುರುಗಳನ್ನು ಕೇಳಿದ. "ಮೊದಲು ಮಠದ ಜಗಲಿಯಲ್ಲಿ ಕೂರುತ್ತಿದ್ದೆ. ದಿನವಿಡೀ ಜನ ಬಂದು ಕಷ್ಟ ಹೇಳಿಕೊಂಡು ಅಳುತ್ತಿದ್ದರು. ಕೇಳಿ ಕೇಳಿ ದಣಿದುಹೋಗಿದ್ದೆ. ಹಿಂದಿನ ಕೋಣೆಗೆ ಹೋಗಿ ಎರಡು ತಿಂಗಳಾಯಿತು. ಈಗ ಯಾರೂ ಬರುವುದಿಲ್ಲ. ಮನಸ್ಸು ತಿಳಿಯಾಗಿದೆ. ಶಾಂತಿಯೆಂದರೆ ಇದೇ ತಾನೆ?"

ಗುರುಗಳು ಆಗ ತಾನೇ ಜಗಲಿಯಿಂದ ಒಳಗೆ ಬಂದಿದ್ದರು. ಗೋಡೆಗೆ ಒರಗಿ ಕೂತು, "ಒಂದು ಕತೆ ಕೇಳು" ಎಂದರು.

ಒಬ್ಬ ವೈದ್ಯನಿದ್ದ. ಪ್ರತಿ ಮಂಗಳವಾರ ಗುಡ್ಡದ ದಾರಿಯಲ್ಲಿ ಐದು ಊರು ದಾಟಿ, ಕೊನೆಯ ಊರಿನ ಚಾವಡಿಯಲ್ಲಿ ಕೂತು ಔಷಧ ಕೊಡುತ್ತಿದ್ದ. ಅವನದು ಹಳೇ ಕಾಲದ ದೊಡ್ಡ ಕಾರು. ಮೈ ಗಟ್ಟಿ, ಸ್ಟೀರಿಂಗ್ ಇನ್ನೂ ಗಟ್ಟಿ. ಏರು ಬಂದರೆ ಮುದಿ ಎತ್ತಿನಂತೆ ಏದುಸಿರು ಬಿಡುತ್ತಿತ್ತು. ಆ ಸದ್ದು ಗುಡ್ಡದಾಚೆಗೂ ಕೇಳುತ್ತಿತ್ತು. ಕೇಳಿದೊಡನೆ ದಾರಿಯ ಊರುಗಳವರು ಕಾಯಿಲೆಯವರನ್ನು ಮನೆಯಿಂದ ಕರೆತಂದು ರಸ್ತೆ ಬದಿಯಲ್ಲಿ ಕೂರಿಸುತ್ತಿದ್ದರು. ಕಾರು ನಿಲ್ಲುತ್ತಿತ್ತು. ಇಪ್ಪತ್ತು ವರ್ಷ ಹೀಗೇ ನಡೆಯಿತು.

ವೈದ್ಯನಿಗೆ ವಯಸ್ಸಾಯಿತು. ಸ್ಟೀರಿಂಗ್ ತಿರುಗಿಸಿ ತಿರುಗಿಸಿ ಭುಜ ಹಿಡಿದುಕೊಂಡಿತು. ಸಾಕಪ್ಪಾ ಸಾಕು ಎಂದು ಹಳೆಯದನ್ನು ಗುಜರಿಗೆ ಹಾಕಿ ಹೊಸದೊಂದು ಪುಟ್ಟ ಕಾರು ಕೊಂಡ. ಅದನ್ನು ತಪ್ಪೆನ್ನಬೇಡ. ದಣಿದವನು ಇನ್ನೇನು ಮಾಡಿಯಾನು? ಹೊಸ ಕಾರಿನ ಸ್ಟೀರಿಂಗ್ ಒಂದು ಬೆರಳಿಗೆ ತಿರುಗುತ್ತಿತ್ತು. ಗಾಜು ಏರಿಸಿದರೆ ಒಳಗೆ ತಂಪು. ಸದ್ದೇ ಇಲ್ಲ.

ಮೊದಲ ಮಂಗಳವಾರ ರಸ್ತೆ ಬದಿಯಲ್ಲಿ ಯಾರೂ ಇರಲಿಲ್ಲ. ಮರುವಾರವೂ ಇಲ್ಲ. ಚಾವಡಿಗೆ ಬರುವ ಕೊನೆಯ ಊರಿನ ನಾಲ್ಕು ಜನ ಬಿಟ್ಟರೆ ರೋಗಿಗಳೇ ಇಲ್ಲ. ಇಷ್ಟು ವರ್ಷದ ನನ್ನ ಔಷಧ ಕೊನೆಗೂ ನಾಟಿತು, ಜನ ಗಟ್ಟಿಯಾದರು ಎಂದುಕೊಂಡ. ಹಾಗೆ ನಂಬುವುದು ಕಷ್ಟವೂ ಆಗಲಿಲ್ಲ, ಭುಜ ನೋಯುತ್ತಿರಲಿಲ್ಲವಲ್ಲ.

ಮೂರು ತಿಂಗಳ ಮೇಲೆ ದಾರಿಯಲ್ಲಿ ಚಕ್ರ ಪಂಕ್ಚರ್ ಆಯಿತು. ಕೆಳಗಿಳಿದ. ಸೌದೆ ಹೊತ್ತು ಬರುತ್ತಿದ್ದ ಮುದುಕಿಯೊಬ್ಬಳು ಅವನನ್ನು ನೋಡಿ ಹೊರೆ ಕೆಳಗಿಟ್ಟಳು.

"ಡಾಕ್ಟ್ರೇ, ನೀವು ಬರೋದೇ ಬಿಟ್ರಿ ಅಂತಿದ್ವಲ್ಲ!"

"ಒಂದು ವಾರವೂ ತಪ್ಪಿಸಿಲ್ಲ ತಾಯಿ. ಕಾರು ಬದಲಾಯಿಸಿದೆ, ಅಷ್ಟೇ."

ಮುದುಕಿ ಪುಟ್ಟ ಕಾರನ್ನು ನೋಡಿದಳು. "ಇದೇನಾ? ಇದು ಹೋಗೋದು ಕಂಡಿದ್ದೀನಿ. ಯಾರೋ ಊರು ನೋಡೋಕೆ ಬಂದೋರು ಅಂದ್ಕೊಂಡೆ. ನಮ್ಮ ಯಜಮಾನ್ರು ಜ್ವರ ಬಂದು ಮೂರು ಮಂಗಳವಾರ ರಸ್ತೆ ಕಡೆಗೇ ಕಿವಿ ಇಟ್ಕೊಂಡು ಮಲಗಿದ್ರು. ಇವತ್ತು ಬರ್ತಾರೆ, ಸದ್ದು ಕೇಳುತ್ತೆ ಅಂತಾನೇ ಇದ್ರು. ಮಣ್ಣು ಮಾಡಿ ಹದಿನೈದು ದಿನ ಆಯ್ತು."

ಅವಳು ಬೈಯಲಿಲ್ಲ. ಹೊರೆ ಸ್ವಲ್ಪ ತಲೆಗೆ ಏರಿಸಿಕೊಡಿ ಎಂದಳು. ವೈದ್ಯ ಏರಿಸಿಕೊಟ್ಟ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ ಹಳೆಯ ಕಾರನ್ನೇ ಮತ್ತೆ ತಂದನೇ ಬುದ್ಧಿ?" ಎಂದು ಮರುಳಯ್ಯ ಕೇಳಿದ.

"ಎಲ್ಲಿಂದ ತಂದಾನು? ಹೊಸ ಕಾರಿನಲ್ಲೇ ಹೋದ. ಗಾಜು ಇಳಿಸಿದ. ಪ್ರತಿ ಊರಿನ ಹತ್ತಿರವೂ ನಿಲ್ಲಿಸಿ, ಹಾರನ್ ಹೊಡೆದು, ಜನ ಬರುವವರೆಗೆ ಕಾದ. ಮೊದಲಿಗಿಂತ ಹೊತ್ತಾಗುತ್ತಿತ್ತು. ದಣಿವು ತಪ್ಪಲಿಲ್ಲ."

ಗುರುಗಳು ಗೋಡೆ ಹಿಡಿದು ಎದ್ದರು. ಮತ್ತೆ ಜಗಲಿಯ ಕಡೆ ಹೊರಟವರು ಬಾಗಿಲಲ್ಲಿ ನಿಂತು ಹೇಳಿದರು:

"ನಿನ್ನನ್ನು ಕೇಳಿಕೊಂಡು ಬಂದವರು ಎರಡು ತಿಂಗಳಿಂದ ನನ್ನ ಮುಂದೆ ಕೂತು ಅಳುತ್ತಿದ್ದಾರೆ ಮರುಳಯ್ಯ, ನನಗೂ ಭುಜ ನೋಯುತ್ತದೆ."