ನಿಂಬೆ ತನ್ನ ಸಿಹಿ ಬಿಟ್ಟುಕೊಟ್ಟದ್ದು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ಪುಟ್ಟತಾಯಮ್ಮನವರು. ಶುಕ್ರವಾರ ದೇವರ ದೀಪ ತಿಕ್ಕುತ್ತಾ ಹೇಳುತ್ತಿದ್ದರು.

ಲೋಕ ಆಗಿನ್ನೂ ಹೊಸದು. ಬೆಟ್ಟಗಳ ಮೈಬಿಸಿ ಆರಿರಲಿಲ್ಲ. ಹೊಳೆಗೆ ತನ್ನ ದಾರಿ ಬಾಯಿಪಾಠವಾಗಿರಲಿಲ್ಲ. ಆಗ ನಿಂಬೆಹಣ್ಣು ಬೆಲ್ಲದ ಹಾಗೆ ಸಿಹಿ. ಗಿಳಿ ಬರುತ್ತಿತ್ತು, ಇರುವೆ ಬರುತ್ತಿತ್ತು, ಹೊಳೆದಂಡೆಯ ಈರವ್ವಜ್ಜಿಯ ಮೊಮ್ಮಗಳು ಕೆಂಚಿಯೂ ಬರುತ್ತಿದ್ದಳು. ಅವರೆಲ್ಲ ಬಂದರೆ ನಿಂಬೆಗೆ ಅದೇ ಹಬ್ಬ.

ಒಂದು ದಿನ ಅಜ್ಜಿಯ ತಾಮ್ರದ ಕೊಡದೊಳಗೆ ಹಸಿರು ಕಿಲುಬು ಬಂದು ಕೂತಿತು. ಅದಕ್ಕೆ ಮುಂಚೆ ಯಾರೂ ಕಂಡದ್ದಲ್ಲ. ಆ ನೀರು ಕುಡಿದು ಕೆಂಚಿ ವಾಂತಿ ಮಾಡಿಕೊಂಡು ಮಲಗಿಬಿಟ್ಟಳು.

ಅಜ್ಜಿ ದೈವಭಕ್ತೆ. ಯಾವುದೋ ಅಮ್ಮ ಬಂದು ನೆಲೆಸಿದ್ದಾಳೆ ಅಂದುಕೊಂಡಳು. ಬಂದ ಅಮ್ಮನಿಗೆ ಎಡೆ ಇಟ್ಟು, ಕೈಮುಗಿದು, ಗಡಿ ದಾಟಿಸುವುದು ವಾಡಿಕೆಯಲ್ಲವೇ? ಕೊಡಕ್ಕೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಯ ಸಿಹಿರಸ ಎಡೆ ಇಟ್ಟಳು.

"ಉಂಡು ಹೋಗವ್ವ, ತಾಯಿ."

ಕಿಲುಬು ಉಂಡಿತು, ಹೋಗಲಿಲ್ಲ. "ನಾಳೆಗೂ ಇದೇ ಇರಲಿ ಅಜ್ಜಿ" ಅಂದು ಕೊಡದ ಕಂಠದವರೆಗೆ ಹತ್ತಿತು.

"ಈರವ್ವ, ಅದು ಅಮ್ಮನೂ ಅಲ್ಲ, ಅಕ್ಕನೂ ಅಲ್ಲ. ಬರೀ ಕೊಳೆ," ಅಂದಿತು ಹೊಳೆ. "ನಾನೂ ತೊಳೆದು ನೋಡಿದೆ, ಜಗ್ಗೋದಿಲ್ಲ."

ಮನೆಯಲ್ಲಿದ್ದದ್ದು ಅದೊಂದೇ ಕೊಡ. ಒಳಗೆ ಕೆಂಚಿ "ಅಜ್ಜೀ, ನೀರು" ಅಂತ ನರಳುತ್ತಿದ್ದಳು. ಅಜ್ಜಿ ಬೊಗಸೆಯಲ್ಲಿ ತಂದರೆ ದಾರಿಯಲ್ಲೇ ಸೋರಿಹೋಗುತ್ತಿತ್ತು.

ನಿಂಬೆ ಎಲ್ಲ ಕಂಡಿತು. ತನ್ನ ಸಿಹಿಯೇ ಕಿಲುಬಿಗೆ ಕೂಳಾಯಿತಲ್ಲ! ನೆತ್ತಿಯ ಮೇಲಿನ ಸೂರ್ಯನನ್ನು ಕೂಗಿತು.

"ಸ್ವಾಮಿ, ನನ್ನ ಸಿಹಿ ವಾಪಸು ತಗೋ. ಆ ಕಿಲುಬಿನ ಕೂಡೆ ಜಗಳಾಡಿ ಗೆಲ್ಲುವಂಥದ್ದು ಏನಾದರೂ ಕೊಡು."

"ನನ್ನ ಉರಿಯಲ್ಲಿ ಒಂದು ಚಿಟಿಕೆ ಕೊಟ್ಟೇನು. ಆದರೆ ಗಿಳಿ ಬರೋದಿಲ್ಲ, ಇರುವೆ ಬರೋದಿಲ್ಲ. ಕೆಂಚಿಯೂ ಮುಖ ಹಿಂಡುತ್ತಾಳೆ. ಯೋಚನೆ ಮಾಡು."

ನಿಂಬೆ ಕೆಂಚಿ ನರಳುತ್ತಿದ್ದ ಕಡೆಗೆ ಕೊಂಬೆ ಬಾಗಿಸಿತು.

"ಹಿಂಡಲಿ ಸ್ವಾಮಿ. ಬದುಕಿ, ಎದ್ದು ಕೂತು, ಮುಖ ಹಿಂಡಲಿ."

ಉರಿ ಇಳಿಯಿತು. ಹಣ್ಣಿನೊಳಗೆಲ್ಲ ಹುಳಿಯಾಯಿತು. ಪಾಪ ಅನಿಸಿ ಸೂರ್ಯ ಒಂದಿಷ್ಟು ಸಿಹಿಯನ್ನು ಹೂವಿನ ಪರಿಮಳವಾಗಿ ಉಳಿಸಿದ.

ಹಣ್ಣುಗಳು ಅಜ್ಜಿಯ ಕಾಲಬಳಿ ಉದುರಿದವು. ಅಜ್ಜಿ ಒಂದನ್ನು ಹೋಳು ಮಾಡಿ, ಉಪ್ಪಿಗೆ ಅದ್ದಿ, ಕೊಡದೊಳಗೆ ಕೈಹಾಕಿ ತಿಕ್ಕಿದಳು.

"ಅಯ್ಯಯ್ಯೋ, ಇದೆಂಥಾ ಎಡೆ ಅಜ್ಜಿ!" ಕಿಲುಬು ಚೀರುತ್ತಾ ಜಾರಿತು. ಹೊಳೆ ಅದನ್ನು ಎಳೆದುಕೊಂಡು ಓಡಿತು. ಕೊಡ ಮುಂಜಾವದ ಹಾಗೆ ಕೆಂಪಗಾಯಿತು. ತಿಕ್ಕಿ ತಿಕ್ಕಿ ಅಜ್ಜಿಯ ಒರಟು ಅಂಗೈಯೂ ನಯವಾಗಿತ್ತು.

ತುಂಬಿದ ಕೊಡ ಮನೆಗೆ ಬಂತು. ಅಜ್ಜಿ ಬೊಗಸೆ ನೀರಿಗೆ ಬೆಲ್ಲದ ಚೂರು, ಉಪ್ಪಿನ ಹರಳು ಹಾಕಿ, ನಿಂಬೆ ಹಿಂಡಿ ಕುಡಿಸಿದಳು. ಕೆಂಚಿ ಒಂದು ಕಣ್ಣು ಮುಚ್ಚಿದಳು, ಮುಖವೆಲ್ಲ ಹಿಂಡಿದಳು.

"ಅಜ್ಜೀ... ಇನ್ನೊಂಚೂರು."

ಹೊರಗೆ ನಿಂಬೆ ಅಂದೇ ಮೊದಲ ಸಲ ಘಮಘಮ ಹೂಬಿಟ್ಟಿತು.

ಅದಕ್ಕೇ ಇಂದಿಗೂ ಯಾವ ಮಗು ನಿಂಬೆ ನೆಕ್ಕಿದರೂ ಒಂದು ಕಣ್ಣು ಮುಚ್ಚಿ ಮುಖ ಹಿಂಡುತ್ತದೆ. ನಿಂಬೆ ಬೇಡಿಕೊಂಡದ್ದು ಅದನ್ನೇ. ಹಿಂಡಿದ ಸಿಪ್ಪೆಯನ್ನು ಎಸೆಯಬೇಡಿ. ದೀಪ ತಿಕ್ಕುವಾಗ ಪಕ್ಕದಲ್ಲಿ ಕೂತ ಮಗುವಿಗೆ ಈ ಕಥೆ ಹೇಳಿ, ನಾಳೆ ಅದೂ ಯಾರಿಗಾದರೂ ಹೇಳಲಿ.