ಕೆಂಚಿಯ ಬೆನ್ನಿನ ಮರಳಿನ ಚೀಲ

ನಮ್ಮಲ್ಲಿ ದಸರೆ ಮುಗಿದು ಚಳಿ ಮೆಲ್ಲಗೆ ಶುರುವಾಗುವ ಹೊತ್ತಿಗೆ ಆಸ್ಟ್ರೇಲಿಯಾದಲ್ಲಿ ವಸಂತ. ಅಲ್ಲಿಯ ಒಂದು ಕಾಡಿನಲ್ಲಿ, ನೀಲಗಿರಿ ಮರಗಳ ನಡುವೆ, ಕಾಡುಕುದುರೆಗಳ ಐದು ಹಿಂಡುಗಳಿದ್ದವು. ಪಟ್ಟಣದ ಮನುಷ್ಯರು ವಸಂತದಲ್ಲಿ ದೊಡ್ಡ ದೊಡ್ಡ ಕುದುರೆ ರೇಸು ನಡೆಸುತ್ತಾರಲ್ಲ, ಅದನ್ನು ಬೇಲಿಯಾಚೆಯಿಂದ ಕದ್ದು ನೋಡಿ ಈ ಕುದುರೆಗಳೂ ಕಲಿತುಬಿಟ್ಟಿದ್ದವು. ವಸಂತಕ್ಕೆ ಮೂರು ಓಟ. ಮೊದಲೆರಡು ಓಟ ಬರೀ ಗತ್ತಿಗೆ. ಮೂರನೆಯದು ಮಾತ್ರ ನೀರಿಗೆ.

ಆ ಕಾಡಿನ ಹೊಳೆ ಎಂದೋ ಬತ್ತಿ ಬರೀ ಮರಳಾಗಿತ್ತು. ನೀರಿಗೆ ಇದ್ದದ್ದು ಎರಡೇ ಕೊಳಗಳು. ಮೇಲಿನ ಕೊಳ ಎಂಥ ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಕೆಳಗಿನ ಕೊಳ ಅರ್ಧ ಬೇಸಿಗೆಗೇ ಕೆಸರಾಗುತ್ತಿತ್ತು. ಮೂರನೆಯ ಓಟ ಗೆದ್ದ ಕುದುರೆಯ ಹಿಂಡಿಗೆ ಮೇಲಿನ ಕೊಳ. ಅಲ್ಲಿಗೆ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎನ್ನುವುದೂ ಗೆದ್ದವರದೇ ಮಾತು. ಎರಡು ವರ್ಷದಿಂದ ಬೂದ ಎಂಬ ಬೂದುಬಣ್ಣದ ಗಂಡು ಕುದುರೆಯೇ ಗೆದ್ದಿತ್ತು. ಅವನು ತನ್ನ ಹಿಂಡನ್ನು ಬಿಟ್ಟು ಒಂದು ಇಲಿಯನ್ನೂ ಮೇಲಿನ ಕೊಳದ ಹತ್ತಿರ ಬಿಟ್ಟುಕೊಂಡಿರಲಿಲ್ಲ.

ಕೆಂಚಿ ಎಂಬ ಕೆಂಪು ಹೆಣ್ಣು ಕುದುರೆಯ ಹಿಂಡು ಎಲ್ಲಕ್ಕಿಂತ ಚಿಕ್ಕದು. ಏಳೇ ಕುದುರೆಗಳು. ಹೋದ ಬೇಸಿಗೆಯಲ್ಲಿ ಕೆಳಗಿನ ಕೊಳ ಬತ್ತಿದಾಗ ಕೆಂಚಿಯ ಅಕ್ಕ ನೀರು ಹುಡುಕಿಕೊಂಡು ಹೋದಳು. ಹೋದವಳು ವಾಪಸ್ ಬರಲೇ ಇಲ್ಲ. ಈಗ ಹಿಂಡಿನಲ್ಲಿ ಮೂರು ಕುದುರೆಗಳು ಗಬ್ಬವಾಗಿದ್ದವು. ಈ ಸಲ ನೀರು ಸಿಗದಿದ್ದರೆ ಏನಾಗುತ್ತದೆ ಎಂದು ಕೆಂಚಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವಳು ಓಟಕ್ಕೆ ಹೆಸರು ಕೊಟ್ಟಳು. ಅವಳು ಅಂಥ ಓಟಗಾತಿಯೇನೂ ಅಲ್ಲ. ಒಂದು ಓಟವನ್ನೂ ಗೆದ್ದವಳಲ್ಲ. ಆದರೆ ಅವಳಿಗೆ ಒಂದು ಆಸೆಯಿತ್ತು. ಆ ಆಸೆಯ ಹೆಸರು ಗುಂಡಜ್ಜ.

ಗುಂಡಜ್ಜ ಒಂದು ಮುದಿ ವಾಂಬ್ಯಾಟ್. ವಾಂಬ್ಯಾಟ್ ಅಂದರೆ ಕುಳ್ಳು ಕಾಲಿನ, ಬಿಲ ತೋಡುವ, ಉರುಟುರುಟಾದ ಒಂದು ಪ್ರಾಣಿ. ಓಟಕ್ಕೆ ಹತ್ತು ದಿನ ಮುಂಚೆ ಕುದುರೆಗಳಿಗೆ ಭಾರ ಹಂಚುವುದು ಅವನ ಕೆಲಸ. ಜೋರಾಗಿ ಓಡುವ ಕುದುರೆಯ ಬೆನ್ನಿಗೆ ಹೆಚ್ಚು ಮರಳು, ನಿಧಾನದ ಕುದುರೆಗೆ ಕಡಿಮೆ ಮರಳು. ಹಾಗೆ ಮಾಡಿದರೆ ಎಲ್ಲರಿಗೂ ಗೆಲ್ಲಲು ಒಂದು ಅವಕಾಶ. ಇದೂ ಪಟ್ಟಣದ ರೇಸಿನಿಂದ ಕಲಿತದ್ದೇ. ಕಳೆದ ಸಲ ಬೂದನಿಗೆ ಹದಿನಾರು ಬೊಗಸೆ ಮರಳು. ಸೋಲುವ ಕುದುರೆಗಳಿಗೆ ಎರಡೇ ಬೊಗಸೆ. ಎರಡು ಬೊಗಸೆಯಾದರೆ ತಾನೂ ಗೆಲ್ಲಬಹುದು ಎಂದು ಕೆಂಚಿ ಲೆಕ್ಕ ಹಾಕಿದ್ದಳು.

ಇನ್ನು ನಮ್ಮ ಕತೆಯ ಮಹಾಶಯನಿಗೆ ಬರೋಣ. ಅವನು ಜುಟ್ಟಯ್ಯ, ಬಿಳಿ ಮೈ, ಹಳದಿ ಜುಟ್ಟಿನ ಕಾಕಟೂ ಗಿಳಿ. ನಾಲ್ಕು ವರ್ಷ ಪಟ್ಟಣದ ರೇಸ್ ಮೈದಾನದ ಚಾವಣಿಯ ಮೇಲೆ ಕೂತು ಮನುಷ್ಯರ ಮಾತು ಕೇಳಿ ಬಂದವನು. ಬಾಯಿ ತೆರೆದರೆ ಫೇವರಿಟ್, ಟಿಪ್ಸ್, ಫಾರ್ಮು! ಯಾವ ಓಟದಲ್ಲಿ ಯಾರು ಗೆಲ್ಲುತ್ತಾರೆ ಎಂದು ಮೊದಲೇ ಹೇಳುವುದೇ ಅವನ ಕಸುಬು. ಆ ವಸಂತದ ಮೊದಲೆರಡು ಓಟಗಳಲ್ಲಿ ಅವನು ಹೇಳಿದ ಕುದುರೆಗಳೇ ಗೆದ್ದಿದ್ದವು. ಸುಳ್ಳು ಯಾಕೆ ಹೇಳಲಿ, ಅವನಿಗೆ ಕಣ್ಣಿತ್ತು, ಬುದ್ಧಿಯೂ ಇತ್ತು. ಇಡೀ ಕಾಡು ಅವನ ಮಾತನ್ನು ಕಣ್ಣು ಮುಚ್ಚಿ ನಂಬುತ್ತಿತ್ತು.

ಒಂದು ಮಧ್ಯಾಹ್ನ ಜುಟ್ಟಯ್ಯ ಹಾರಿ ಬಂದು ಬೂದನ ಪಕ್ಕದ ಕೊಂಬೆಯಲ್ಲಿ ಕೂತ.

"ಬೂದಣ್ಣ, ಈ ಸಲವೂ ಹದಿನಾರು ಬೊಗಸೆ ಹೊರ್ತೀಯೋ, ನಾಲ್ಕೇ ಬೊಗಸೆ ಹೊರ್ತೀಯೋ?"

"ನಾಲ್ಕು ಬೊಗಸೆ ಯಾರಪ್ಪ ಕೊಡ್ತಾರೆ ನನಗೆ?"

"ನಾನು ಕೊಡಿಸ್ತೀನಿ. ಗುಂಡಜ್ಜನ ಕಣ್ಣು ಮಂಜು. ಅವನು ಓಟ ನೋಡೋದಿಲ್ಲ, ಮಾತು ಕೇಳ್ತಾನೆ. ಎಲ್ಲರೂ ಕೆಂಚೀನೇ ಗೆಲ್ತಾಳೆ ಅಂದರೆ ಮರಳೆಲ್ಲ ಅವಳ ಬೆನ್ನಿಗೆ. ನಿನಗೆ ಕಾಲುನೋವು ಅಂದರೆ ನಿನ್ನ ಭಾರ ಇಳೀತು. ನೀನು ಗೆದ್ದ ಮೇಲೆ ಮೇಲಿನ ಕೊಳದ ಸುತ್ತ ಇರೋ ಮರಗಳ ಪೊಟರೆಗಳೆಲ್ಲ ನನಗೆ. ಬೇರೆ ಒಂದು ಹಕ್ಕಿಯೂ ಅಲ್ಲಿ ಗೂಡು ಕಟ್ಟಬಾರದು. ಆಯ್ತಾ?"

ಬೂದನ ಕಿವಿ ನೆಟ್ಟಗಾಯಿತು. "ಆಯ್ತು," ಎಂದ.

ಮರುದಿನ ಬೆಳಗ್ಗೆ ಜುಟ್ಟಯ್ಯ ಎತ್ತರದ ಮರದ ಮೇಲೆ ಕೂತು ಜುಟ್ಟು ಅರಳಿಸಿ ಕೂಗಿದ. "ಕೇಳಿ, ಕೇಳಿ! ಈ ಸಲದ ಫೇವರಿಟ್ ಕೆಂಚಿ! ಬೂದನ ಕಾಲು ಹೋಗಿದೆ, ಅವನ ಕತೆ ಮುಗೀತು. ಕೆಂಚಿ, ಕೆಂಚಿ, ಕೆಂಚಿ!"

ಕೆಳಗೆ ನಿಂತಿದ್ದವರು ಬೆಚ್ಚಿಬಿದ್ದರು. ಜಿಗಿಯಕ್ಕ ಎಂಬ ಕಾಂಗರೂ ಮಾತ್ರ ಬಾಯಿ ಬಿಟ್ಟು ಕೇಳಿದಳು. "ಏನಪ್ಪ ಜುಟ್ಟಯ್ಯ, ಕೆಂಚಿ ಓಡೋದನ್ನ ನಾನು ದಿನಾ ನೋಡ್ತೀನಿ. ಬೂದನ ಅರ್ಧ ವೇಗವೂ ಇಲ್ಲವಲ್ಲ?"

ಜುಟ್ಟಯ್ಯ ಒಂದು ಕ್ಷಣ ತಡವರಿಸಿದ. ಆಮೇಲೆ ನಕ್ಕ. "ಅದೇ ಜಿಗಿಯಕ್ಕ ಅವಳ ಗುಟ್ಟು! ಮೊದಲು ಬೇಕಂತಲೇ ನಿಧಾನ ಓಡ್ತಾಳೆ. ಕೊನೇಲಿ ಪಟಾಕಿ ಥರ ಸಿಡೀತಾಳೆ. ಅವಳ ಮುಂದೆ ಓಡಿದವರು ದಮ್ಮು ಕಳ್ಕೊಂಡು ದಾರಿಯಲ್ಲೇ ಬೀಳ್ತಾರೆ. ಬುದ್ಧಿ ಇದ್ದವರು ಅವಳ ಹಿಂದೇನೇ ಇರ್ತಾರೆ."

ಆಹಾ, ಎಂಥ ಮಾತು! ಅಲ್ಲೇ ನಿಂತಿದ್ದ ಉಳಿದ ಮೂರು ಓಟದ ಕುದುರೆಗಳು ಇದನ್ನು ಕಿವಿಗೊಟ್ಟು ಕೇಳಿದವು. ಕೇಳಿ ಮನಸ್ಸಿನಲ್ಲಿಟ್ಟುಕೊಂಡವು.

ಎರಡು ದಿನಕ್ಕೆ ಕಾಡಿನ ಬಾಯಲ್ಲೆಲ್ಲ ಕೆಂಚಿಯೇ. ಜಿಗಿಯಕ್ಕನೂ ತನ್ನ ಕಣ್ಣನ್ನು ಬಿಟ್ಟು ಜುಟ್ಟಯ್ಯನ ಮಾತನ್ನೇ ನಂಬಿ ಕೆಂಚಿಯನ್ನು ಹೊಗಳುತ್ತ ತಿರುಗಿದಳು. ಮರದ ಮೇಲೇ ದಿನಕ್ಕೆ ಇಪ್ಪತ್ತು ಗಂಟೆ ನಿದ್ದೆ ಹೊಡೆಯುವ ಕೊಆಲಾ ಕೂಡ ಒಂದು ಕಣ್ಣು ತೆರೆದು "ಕೆಂಚಿಯಂತೆ" ಎಂದು ಹೇಳಿ ಮತ್ತೆ ಮಲಗಿತು.

ಭಾರ ಹಂಚುವ ದಿನ ಬಂತು. ಗುಂಡಜ್ಜ ಮರದ ತೊಗಟೆಯ ಚೀಲಗಳಿಗೆ ಹೊಳೆಯ ದಂಡೆಯ ಮರಳು ತುಂಬಿಸಿ ಒಂದೊಂದೇ ಹೆಸರು ಕೂಗಿದ. "ಬೂದ, ನಾಲ್ಕು ಬೊಗಸೆ." ಉಳಿದ ಮೂವರಿಗೆ ಎಂಟೆಂಟು. "ಕೆಂಚಿ, ಇಪ್ಪತ್ತು ಬೊಗಸೆ."

ಕೆಂಚಿಗೆ ಕಿವಿಯೇ ಕೆಟ್ಟಿತೇನೋ ಅನ್ನಿಸಿತು. "ಅಜ್ಜ! ಇಪ್ಪತ್ತಾ? ನಾನು ಒಂದು ಓಟ ಆದ್ರೂ ಗೆದ್ದಿದೀನಾ ಅಜ್ಜ?"

"ಇಡೀ ಕಾಡೇ ನಿನ್ನ ಹೆಸರು ಹೇಳ್ತಿದೆಯಲ್ಲಮ್ಮ," ಎಂದ ಗುಂಡಜ್ಜ. "ಇಷ್ಟು ಜನ ಸುಳ್ಳು ಹೇಳ್ತಾರಾ?"

"ಇಷ್ಟು ಜನ ಹೇಳ್ತಿರೋದು ಒಬ್ಬನ ಮಾತು ಅಜ್ಜ!"

ಗುಂಡಜ್ಜ ಆಗುವುದಿಲ್ಲ ಎಂದು ತಲೆಯಾಡಿಸಿದ. ಒಮ್ಮೆ ಹಂಚಿದ ಭಾರ ಹಂಚಿದ್ದೇ. ಚೀಲ ಬೆನ್ನಿಗೆ ಬಿದ್ದಾಗ ಕೆಂಚಿಯ ಮೊಣಕಾಲು ಬಗ್ಗಿತು. ಅವಳು ನೇರ ಜುಟ್ಟಯ್ಯನ ಮರದ ಕೆಳಗೆ ಹೋದಳು.

"ಜುಟ್ಟಯ್ಯನವರೇ, ನಾನು ನಿಮಗೇನು ಅನ್ಯಾಯ ಮಾಡಿದ್ದೆ? ನಮ್ಮ ಹಿಂಡಲ್ಲಿ ಮೂವರು ಬಸುರಿಯರಿದಾರೆ. ನಮಗೆ ನೀರು ಬೇಕು. ನೀವು ಹೇಳಿದ್ದು ಸುಳ್ಳು ಅಂತ ನೀವೇ ಒಂದು ಮಾತು ಹೇಳಿಬಿಡಿ."

"ಹೊಗಳಿದ್ದಕ್ಕೆ ಅಳ್ತೀಯಲ್ಲಮ್ಮ, ವಿಚಿತ್ರ ಹೆಣ್ಣು ನೀನು!" ಎಂದು ಜುಟ್ಟಯ್ಯ ರೆಕ್ಕೆ ಕೊಡವಿ ಹಾರಿಹೋದ. ನೋಡಿದಿರಾ, ಅವನ ಹೊಟ್ಟೆ ಒಂದಿಷ್ಟೂ ಚುರುಕ್ ಅನ್ನಲಿಲ್ಲ. ಕೆಂಚಿ ಚೀಲ ಹೊತ್ತು ಹಿಂಡಿಗೆ ಮರಳಿದಳು. ಓಟದ ದಿನಕ್ಕೆ ಮೈ ಒಗ್ಗಲಿ ಎಂದು ಹತ್ತು ದಿನವೂ ಆ ಭಾರ ಹೊತ್ತೇ ನಡೆದಳು. ಓಡಲಾಗುತ್ತಿರಲಿಲ್ಲ, ನಡೆದಳು.

ಇತ್ತ ಬೂದನಿಗೆ ಹೊಸ ಚಿಂತೆ ಹತ್ತಿಕೊಂಡಿತು. ಹೋದಲ್ಲಿ ಬಂದಲ್ಲಿ ಕೆಂಚಿಯ ಹೆಸರು. ಕೊನೆಯಲ್ಲಿ ಸಿಡಿಯುತ್ತಾಳಂತೆ, ಮುಂದೆ ಓಡಿದವರು ಬೀಳುತ್ತಾರಂತೆ. ಅವನ ಹಿಂಡಿನವರೂ ಅದನ್ನೇ ಪಿಸುಗುಟ್ಟುತ್ತಿದ್ದರು. ಓಟದ ಹಿಂದಿನ ದಿನ ಅವನು ಜುಟ್ಟಯ್ಯನನ್ನು ಕೇಳಿಯೇಬಿಟ್ಟ.

"ಅವಳು ಕೊನೇಲಿ ಸಿಡಿಯೋದು ನಿಜಾನಾ?"

"ಅಯ್ಯೋ ಪೆದ್ದ, ಅದು ನಾನೇ ಹುಟ್ಟಿಸಿದ ಮಾತಲ್ವೇನೋ! ನೀನು ಮೊದಲಿಂದಲೇ ಮುಂದೆ ಓಡು."

"ಹೂಂ," ಎಂದ ಬೂದ. ಆದರೆ ಅವನ ಮನಸ್ಸು ಹೂಂ ಅನ್ನಲಿಲ್ಲ.

ಓಟದ ದಿನ ಇಡೀ ಕಾಡು ಸೇರಿತು. ಒಣಗಿ ಬೆಳ್ಳಗಾದ ಒಂದು ದೊಡ್ಡ ಮರದಿಂದ ಹೊರಟು, ಗುಡ್ಡಕ್ಕೆ ಒಂದು ಸುತ್ತು ಹಾಕಿ, ಮತ್ತೆ ಅದೇ ಮರಕ್ಕೆ ಬರಬೇಕು. ಗುಂಡಜ್ಜ ಕಾಲಿನಿಂದ ನೆಲ ಬಡಿದ. ಐದು ಕುದುರೆಗಳು ಹೊರಟವು. ಹತ್ತು ಹೆಜ್ಜೆ ಓಡಿದ ಮೇಲೆ ಕೆಂಚಿ ತಾನು ಹಿಂದೆ ಬಿದ್ದಿರಬೇಕು ಎಂದುಕೊಂಡಳು. ಮುಂದೆ ಯಾರೂ ಇಲ್ಲ! ಹಿಂತಿರುಗಿ ನೋಡಿದಳು. ನಾಲ್ಕು ಕುದುರೆಗಳೂ ಅವಳ ಬಾಲದ ಹಿಂದೆಯೇ ಮೆಲ್ಲಗೆ, ಎಚ್ಚರದಿಂದ, ಅವಳ ಕಾಲನ್ನೇ ನೋಡುತ್ತ ಬರುತ್ತಿದ್ದವು.

ಇದೇನು ಕನಸೇ? ಕೆಂಚಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳಲು ಪುರುಸೊತ್ತೂ ಇರಲಿಲ್ಲ. ಅವಳು ಹೊತ್ತ ಭಾರಕ್ಕೆ ತಕ್ಕ ಹೆಜ್ಜೆ ಹಾಕುತ್ತ ಗುಡ್ಡ ಸುತ್ತಿದಳು. ಅವಳು ನಿಧಾನ ಓಡಿದಷ್ಟೂ ಹಿಂದಿನವರಿಗೆ ಭಯ ಹೆಚ್ಚಾಯಿತು. ಈಗ ಸಿಡಿಯುತ್ತಾಳೆ, ಈಗ ಸಿಡಿಯುತ್ತಾಳೆ ಎಂದು ಕಾದರು.

ಗುಡ್ಡದ ತಿರುವಿನಲ್ಲಿ ಕೆಂಚಿ ಮೊದಲು ಕಾಣಿಸಿದಾಗ ಒಣಮರದ ಮೇಲಿದ್ದ ಜುಟ್ಟಯ್ಯ ನಕ್ಕ. ಬೂದ ಆಟ ಆಡಿಸುತ್ತಿದ್ದಾನೆ ಅಂದುಕೊಂಡ. ಇನ್ನೂರು ಹೆಜ್ಜೆ ಉಳಿಯಿತು. ಜುಟ್ಟಯ್ಯನ ನಗು ನಿಂತಿತು. ನೂರು ಹೆಜ್ಜೆ ಉಳಿಯಿತು. ಅವನ ಜುಟ್ಟು ತಾನಾಗಿ ಎದ್ದು ನಿಂತಿತು. ಐವತ್ತು ಹೆಜ್ಜೆ ಉಳಿದಾಗ ಅವನು ಮೈಮೇಲಿನ ಪರಿವೆಯಿಲ್ಲದೆ ಹಾರಿ ಬಂದು ಕಿರುಚಿದ.

"ಮುಂದೆ ಓಡೋ ಬೂದ! ಅವಳು ಸಿಡಿಯೋದಿಲ್ಲ ಕಣೋ! ಅವಳಿಗೆ ಓಡೋಕೇ ಬರೋದಿಲ್ಲ! ಎಲ್ಲ ನಾನೇ ಕಟ್ಟಿದ ಸುಳ್ಳು ಕಣೋ, ಸುಳ್ಳು!"

ಇಡೀ ಕಾಡು ಕೇಳಿಸಿಕೊಂಡಿತು.

ಬೂದ ಕೇಳಿದ. ಆದರೆ ಯಾವುದು ಸುಳ್ಳು? ಅವತ್ತು ಹೇಳಿದ್ದೋ, ಈಗ ಹೇಳುತ್ತಿರುವುದೋ? ಅವನು ಯೋಚಿಸುವಷ್ಟರಲ್ಲಿ ಹತ್ತು ಹೆಜ್ಜೆ ಹೋಯಿತು. ಕೆಂಚಿಯೂ ಕೇಳಿದಳು. "ಓಡೋಕೇ ಬರೋದಿಲ್ಲ" ಎಂಬ ಮಾತು ಅವಳ ಎದೆಗೆ ನಾಟಿತು. ನೀರು ಹುಡುಕಿಕೊಂಡು ಹೋದ ಅಕ್ಕ ಕಣ್ಣ ಮುಂದೆ ಬಂದಳು. ಮೈಯಲ್ಲಿದ್ದ ಕಸುವನ್ನೆಲ್ಲ ಕಾಲಿಗೆ ಇಳಿಸಿ ಕೆಂಚಿ ಓಡಿದಳು. ಬೂದ ಕೊನೆಗೂ ನುಗ್ಗಿಬಂದ. ಅವನ ಮೂತಿ ಕೆಂಚಿಯ ಕುತ್ತಿಗೆಯ ಪಕ್ಕಕ್ಕೆ ಬಂತು, ಕಿವಿಯ ಪಕ್ಕಕ್ಕೆ ಬಂತು. ಅಷ್ಟರಲ್ಲಿ ಒಣಮರ ಹಿಂದಾಗಿತ್ತು. ಕೆಂಚಿ ಒಂದು ಮೂಗಿನಷ್ಟು ಮುಂದಿದ್ದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಬಾಯಿ ತೆರೆದುಕೊಂಡೇ ನಿಂತಿದ್ದರು.

ಗುಂಡಜ್ಜನ ಕಣ್ಣು ಮಂಜಾದರೂ ಕಿವಿ ಚುರುಕು. "ಜುಟ್ಟಯ್ಯ," ಎಂದ ಮೆಲ್ಲಗೆ, "ಏನೋ ಸುಳ್ಳು ಅಂದೆಯಲ್ಲಪ್ಪ. ಏನದು?"

ಜುಟ್ಟಯ್ಯ ಬಾಯಿ ತೆರೆಯುವ ಮೊದಲೇ ಬೂದ ಕೆರಳಿ ಕಾಲು ಕುಟ್ಟಿದ. "ಇವನಿಂದ ನಾನು ಕೆಟ್ಟೆ! ಕೆಂಚಿಗೆ ಭಾರ ಹೊರಿಸ್ತೀನಿ, ನಿನ್ನ ಭಾರ ಇಳಿಸ್ತೀನಿ, ಪೊಟರೆಗಳೆಲ್ಲ ನನಗೆ ಕೊಡು ಅಂದ!"

"ನಿನಗೆ ಮಾತ್ರ ನಿಜ ಹೇಳಿದ್ದೆನಲ್ಲೋ, ಮೂರ್ಖ!" ಎಂದು ಜುಟ್ಟಯ್ಯ ಕಿರುಚಿದ.

"ಅದು ನಿಜ ಅಂತ ನನಗೆ ಹೇಗೆ ಗೊತ್ತಾಗಬೇಕಿತ್ತು?" ಎಂದ ಬೂದ.

ಜುಟ್ಟಯ್ಯ ಜುಟ್ಟು ಮಡಿಸಿಕೊಂಡು ಮೇಲಿನ ಕೊಂಬೆಗೆ ಹಾರಿ ಕೂತ.

ಗುಂಡಜ್ಜ ಕೆಂಚಿಯ ಹತ್ತಿರ ತಡವರಿಸುತ್ತ ಬಂದ. "ನನ್ನದೂ ತಪ್ಪಮ್ಮ. ನಿನ್ನ ಓಟ ನೋಡದೆ ಊರಿನ ಮಾತು ಕೇಳಿ ಭಾರ ಹೊರಿಸಿದೆ," ಎಂದು ಚೀಲಕ್ಕೆ ಅವಳ ಹೊಟ್ಟೆಯಡಿ ಬಿಗಿದಿದ್ದ ಬಳ್ಳಿ ಬಿಚ್ಚಿದ. ಚೀಲ ಧೊಪ್ಪನೆ ನೆಲಕ್ಕೆ ಬಿತ್ತು. ಅದರ ಕೆಳಗೆ ಕೆಂಚಿಯ ಚರ್ಮ ಸುಲಿದು ಹೋಗಿತ್ತು. ಅದನ್ನು ನೋಡಿ ಜಿಗಿಯಕ್ಕ ಅತ್ತೇಬಿಟ್ಟಳು. ಕೆಂಚಿಯನ್ನು ಹೊಗಳಿ ಹೊಗಳಿ ಆ ಮರಳು ತುಂಬಿಸಿದವರಲ್ಲಿ ತಾನೂ ಒಬ್ಬಳು ಎಂದು ಅವಳಿಗೆ ಹೊಳೆದಿತ್ತು.

"ಈ ಗಿಳಿಯನ್ನ ಕಾಡಿಂದಲೇ ಓಡಿಸು ಕೆಂಚಿ!" ಎಂದು ಎಲ್ಲರೂ ಕೂಗಿದರು.

ಕೆಂಚಿ ಸುಧಾರಿಸಿಕೊಂಡು ಹೇಳಿದಳು. "ಬಾಯಾರಿಕೆ ಅಂದರೇನು ಅಂತ ನನಗೆ ಗೊತ್ತು. ಈ ಬೇಸಿಗೆ ಮೇಲಿನ ಕೊಳಕ್ಕೆ ಯಾರು ಬೇಕಾದರೂ ಬರಲಿ. ಬೂದನ ಹಿಂಡೂ ಬರಲಿ. ಜುಟ್ಟಯ್ಯನವರೂ ಕುಡೀಲಿ. ಆದರೆ ಈ ಇಪ್ಪತ್ತು ಬೊಗಸೆ ಮರಳು ನನ್ನ ಬೆನ್ನಿಗೆ ಬಂದದ್ದು ಅವರ ಬಾಯಿಂದ. ಅದೇ ಬಾಯಲ್ಲಿ ಅಷ್ಟನ್ನೂ ಹೊಳೆಯ ದಂಡೆಗೆ ವಾಪಸ್ ಹಾಕಲಿ. ಒಂದು ಕಾಳೂ ಉಳೀಬಾರದು."

ಆ ಬೇಸಿಗೆಯಲ್ಲಿ ಕೆಂಚಿಯ ಹಿಂಡಿನಲ್ಲಿ ಮೂರು ಮರಿಗಳು ಹುಟ್ಟಿದವು. ಮೂರೂ ಮೇಲಿನ ಕೊಳದ ನೀರು ಕುಡಿದು ಬೆಳೆದವು. ಜುಟ್ಟಯ್ಯ ಬೆಳಗಿನಿಂದ ಸಂಜೆಯವರೆಗೆ ಕೊಕ್ಕಿನ ತುಂಬ ಮರಳು ಕಚ್ಚಿಕೊಂಡು ಹೊಳೆಯ ದಂಡೆಗೆ ಹಾರುತ್ತಿದ್ದ. ದಾರಿಯಲ್ಲಿ ಸಿಕ್ಕ ಕೊಆಲಾ ಒಂದು ಕಣ್ಣು ತೆರೆದು, "ಏನ್ ಜುಟ್ಟಯ್ಯ, ಬರೋ ವಸಂತಕ್ಕೆ ಯಾರು ಗೆಲ್ತಾರೆ?" ಎಂದು ಕೇಳುತ್ತಿತ್ತು. ಜುಟ್ಟಯ್ಯನ ಬಾಯಲ್ಲಿ ಮರಳಿತ್ತು. ಅವನು ಸುಮ್ಮನೆ ಹಾರಿಹೋಗುತ್ತಿದ್ದ.

ನೀತಿ: ಊರಿಗೆಲ್ಲ ಸುಳ್ಳು ಹೇಳಿದವನು ಕೊನೆಗೆ ನಿಜವನ್ನೇ ಹೇಳಿದರೂ ಅವನ ಗೆಳೆಯನೇ ಅದನ್ನು ನಂಬುವುದಿಲ್ಲ, ಕಣ್ಣಾರೆ ನೋಡದೆ ಅಂಥವನ ಮಾತನ್ನು ಹರಡಿದವರು ಆ ಸುಳ್ಳಿನ ಭಾರವನ್ನು ಇನ್ನೊಬ್ಬರ ಬೆನ್ನಿಗೆ ಹೊರಿಸಿದಂತೆಯೇ.